ಖಾಲಿ ಹೊಟ್ಟೆ ತಾಳ ಹಾಕುವುದು ಯಾಕೆ?

ರಾಗಿ ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಅನ್ನುತ್ತಾರೆ. ಸಾರಿನಲ್ಲಿ ಅದ್ದಿದ ತುತ್ತು ಗಂಟಲಿಗೆ ಇಳಿಯುವವರೆಗೆ ಮಾತ್ರ ನಮ್ಮ ಕೈಲಿರುತ್ತದೆ. ಆಮೇಲೆ ನಿಲ್ಲು ಅಂದರೆ ನಿಲ್ಲುವುದಿಲ್ಲ, ಬೇಗ ಹೋಗು ಅಂದರೆ ಹೋಗುವುದಿಲ್ಲ.

ಹಾಗಂತ ತುತ್ತು ಸುಮ್ನೆ ತನ್ನ ಭಾರಕ್ಕೇ ಕೆಳಗೆ ಬೀಳುವುದೂ ಇಲ್ಲ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ತುತ್ತಿನ ಹಿಂದಿನ ಸ್ನಾಯು ಬಿಗಿಯುತ್ತದೆ, ಮುಂದಿನದು ಸಡಿಲವಾಗುತ್ತದೆ. ಈ ಬಿಗಿತ ಅಲೆಯ ಹಾಗೆ ಸಾಗಿ ತುತ್ತನ್ನು ಕೆಲವೇ ಸೆಕೆಂಡಿನಲ್ಲಿ ಹೊಟ್ಟೆಗೆ ಮುಟ್ಟಿಸುತ್ತದೆ. ಹಸು ತಲೆ ಬಗ್ಗಿಸಿ ನೀರು ಕುಡಿಯುವಾಗ ನೀರು ಮೇಲಕ್ಕೇ ಹತ್ತಬೇಕು, ಅಲ್ವಾ? ಅಲ್ಲೂ ಇದೇ ಅಲೆಯ ಕೆಲಸ. ಮೆಲುಕು ಹಾಕುವಾಗ ಅಲೆ ಹಿಮ್ಮುಖವಾಗುತ್ತದೆ. ಹಸುವಿನ ಕತ್ತಿನಲ್ಲಿ ಉಂಡೆಯೊಂದು ಮೇಲೇರುವುದನ್ನು ಹಟ್ಟಿಯಲ್ಲಿ ನಿಂತು ನೋಡಬಹುದು.

ಇದನ್ನೆಲ್ಲ ಮಿದುಳೇ ನಡೆಸುತ್ತದೆಯೇ? 1899ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿ ನೋಡಿದರು. ಕರುಳು ಆಗಲೂ ಒಳಗಿದ್ದದ್ದನ್ನು ಮುಂದಕ್ಕೆ ತಳ್ಳಿತು. ಕರುಳಿನ ಗೋಡೆಯಲ್ಲೇ ಅದರದೇ ನರಗಳ ಬಲೆ ಇದೆ.

ಹೊಟ್ಟೆಯಲ್ಲಿ ನಿಮಿಷಕ್ಕೆ ಸುಮಾರು ಮೂರು ಅಲೆ. ಅದು ಒರಳಿನ ಕೆಲಸ: ಗಟ್ಟಿ ಆಹಾರ ಒಂದೆರಡು ಮಿಲಿಮೀಟರಿನಷ್ಟು ಸಣ್ಣದಾಗುವ ತನಕ ಅರೆಯುತ್ತಲೇ ಇರುತ್ತದೆ. ಸಣ್ಣ ಕರುಳಿಗೆ ಮುಂದೆ ತಳ್ಳುವ ಅವಸರ ಕಮ್ಮಿ. ಅದು ಜಾಸ್ತಿ ಮಾಡುವುದು ಹಿಟ್ಟು ನಾದಿದ ಹಾಗೆ ಹಿಂದೆ ಮುಂದೆ ಕಲಸುವುದನ್ನು.

ನನಗೆ ಇಷ್ಟವಾದದ್ದು ಊಟವೆಲ್ಲ ಅರಗಿದ ಮೇಲೆ ನಡೆಯುವ ಕೆಲಸ. ಹೊಟ್ಟೆ ಖಾಲಿಯಾದ ಮೇಲೆ, ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ, ಬಲವಾದ ಅಲೆಗಳು ಹೊಟ್ಟೆಯಿಂದ ಹೊರಟು ಸಣ್ಣ ಕರುಳಿನುದ್ದಕ್ಕೂ ಸಾಗುತ್ತವೆ. ಅರಗದೆ ಉಳಿದ ಚೂರು, ಸತ್ತ ಜೀವಕೋಶ, ಬ್ಯಾಕ್ಟೀರಿಯಾ ಎಲ್ಲವನ್ನೂ ಗುಡಿಸಿಕೊಂಡು ಹೋಗುತ್ತವೆ. ಒಳಗಿನ ಗಾಳಿ, ನೀರು ಹಿಂಡಿಸಿಕೊಂಡಾಗ ಬರುವ ಸದ್ದೇ ಆ ಗುಡುಗುಡು. ಹೊಟ್ಟೆ ತಾಳ ಹಾಕುತ್ತಿದೆ ಅನ್ನುತ್ತೇವಲ್ಲ, ಅದು ಬಹಳಷ್ಟು ಸಲ ಕಸ ಗುಡಿಸುವ ಸದ್ದು. ನಡುವೆ ಒಂದು ಕೋಡುಬಳೆ ಬಾಯಿಗೆ ಬಿತ್ತೋ, ಪೊರಕೆ ಅಲ್ಲಿಗೇ ನಿಲ್ಲುತ್ತದೆ.

ದೊಡ್ಡ ಕರುಳು ಮಾತ್ರ ಮಹಾ ನಿಧಾನಿ. ನೀರು ಹೀರಿಕೊಳ್ಳುತ್ತಾ ಒಂದು ದಿನ, ಕೆಲವೊಮ್ಮೆ ಅದಕ್ಕೂ ಜಾಸ್ತಿ ತೆಗೆದುಕೊಳ್ಳುತ್ತದೆ. ದಿನಕ್ಕೆ ಕೆಲವು ಸಲವಷ್ಟೇ ಜೋರಾಗಿ ತಳ್ಳುತ್ತದೆ, ಅದೂ ಹೆಚ್ಚಾಗಿ ಹೊಟ್ಟೆಗೆ ಏನಾದರೂ ಬಿದ್ದ ಮೇಲೆ. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಕೆಲವರು ಎದ್ದು ಓಡುವುದು ಇದಕ್ಕೇ.