ಕಿತ್ತಳೆ ಪಟ್ಟಿಯ ಡ್ರಮ್ಮಿನೊಳಗೆ ಇದ್ದದ್ದೇನು?

ಕಳೆಗೆ ಹೊಡೆಯುವ 2,4-ಡಿ ಔಷಧಿಯ ಮಾತು ಬಂದಾಗಲೆಲ್ಲ ‘ವಿಯೆಟ್ನಾಮಿನಲ್ಲಿ ಸುರಿದ ಏಜೆಂಟ್ ಆರೆಂಜ್ ಇದೇ ಅಲ್ಲವೇ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಯಲ್ಲಿರುವುದು ಅರ್ಧ ಸತ್ಯ. ಉಳಿದರ್ಧವನ್ನು ಅರಿಯದಿದ್ದರೆ, ಮುಗಿದುಹೋದ ಯುದ್ಧವೊಂದರ ವಿಷ ಇನ್ನೂ ಏಕೆ ಕಳೆದಿಲ್ಲ ಎಂಬುದು ತಿಳಿಯುವುದಿಲ್ಲ.

ದಕ್ಷಿಣ ವಿಯೆಟ್ನಾಮಿನ ಗೆರಿಲ್ಲಾ ಬಂಡುಕೋರರಿಗೆ ಕಾಡೇ ಕೋಟೆ, ಹಳ್ಳಿಯ ಪೈರೇ ಕಣಜ. ಇವೆರಡನ್ನೂ ಕಿತ್ತುಕೊಂಡರೆ ಬಂಡಾಯ ತಾನಾಗಿ ಬಯಲಿಗೆ ಬರುತ್ತದೆ ಎಂಬುದು ಅಮೆರಿಕದ ಲೆಕ್ಕಾಚಾರವಾಗಿತ್ತು. ಮಲಯಾದ (ಇಂದಿನ ಮಲೇಷ್ಯಾದ ಭಾಗ) ಬಂಡಾಯವನ್ನು ಹತ್ತಿಕ್ಕಲು ಬ್ರಿಟಿಷರು 1950ರ ದಶಕದಲ್ಲೇ ಈ ಜಾತಿಯ ರಾಸಾಯನಿಕಗಳನ್ನು ಬಳಸಿದ್ದರು. ಅಧ್ಯಕ್ಷ ಕೆನಡಿ 1961ರಲ್ಲಿ ಒಪ್ಪಿಗೆಯಿತ್ತ ಮೇಲೆ, 1962ರಿಂದ 1971ರವರೆಗೆ ಸಿ-123 ವಿಮಾನಗಳು ಸುರಿದ ಸಸ್ಯನಾಶಕ 7 ಕೋಟಿ ಲೀಟರಿಗೂ ಹೆಚ್ಚು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಏಜೆಂಟ್ ಆರೆಂಜ್‌ನದು. ಕಿತ್ತಳೆ ಎಂಬುದು ದ್ರವದ ಬಣ್ಣವಲ್ಲ, 208 ಲೀಟರಿನ ಡ್ರಮ್ಮಿನ ಸುತ್ತ ಬಳಿದಿದ್ದ ಗುರುತಿನ ಪಟ್ಟಿಯ ಬಣ್ಣ.

ಒಳಗಿದ್ದದ್ದು 2,4-ಡಿ ಮತ್ತು 2,4,5-ಟಿ ಎಂಬ ಎರಡು ಸಂಯುಕ್ತಗಳ ಸಮಪಾಲಿನ ಮಿಶ್ರಣ. ಎರಡೂ ಆಕ್ಸಿನ್ ಎಂಬ ಸಸ್ಯ ಹಾರ್ಮೋನಿನ ವೇಷ ಧರಿಸುತ್ತವೆ. ಹುಲ್ಲಿನ ಮೊಳಕೆ ಬೆಳಕಿನತ್ತ ಬಾಗುವುದೇಕೆಂದು ಚಾರ್ಲ್ಸ್ ಡಾರ್ವಿನ್ ತನ್ನ ಮಗನೊಡನೆ ಕೂತು ಪರೀಕ್ಷಿಸಿ, ತುದಿಯಿಂದ ಯಾವುದೋ ಸೂಚನೆ ಕೆಳಗಿಳಿಯುತ್ತದೆ ಎಂದು 1880ರಲ್ಲಿ ಬರೆದನಲ್ಲ, ಆ ಸೂಚನೆಯೇ ಆಕ್ಸಿನ್. ನೆರಳಿನ ಕಡೆ ಅದು ಹೆಚ್ಚು ಸೇರುತ್ತದೆ, ಅಲ್ಲಿನ ಕೋಶಗಳು ಹೆಚ್ಚು ಉದ್ದವಾಗುತ್ತವೆ, ಕಾಂಡ ಬಾಗುತ್ತದೆ. ಕೆರೆಯ ತೂಬನ್ನು ನೀರುಗಂಟಿ ಬೇಕಾದಷ್ಟೇ ಎತ್ತಿ ಮತ್ತೆ ಮುಚ್ಚುವಂತೆ ಗಿಡವೂ ತನ್ನ ಆಕ್ಸಿನ್ನನ್ನು ಬೇಗನೆ ಒಡೆದುಹಾಕುತ್ತದೆ. ಕೃತಕ ಆಕ್ಸಿನ್ನನ್ನು ಹಾಗೆ ಒಡೆಯಲಾಗದು. ಎತ್ತಿದ ತೂಬು ಎತ್ತಿದಂತೆಯೇ ಉಳಿಯುತ್ತದೆ. ಔಷಧಿ ಬಿದ್ದ ಅಗಲ ಎಲೆಯ ಕಳೆಯನ್ನು ಮರುದಿನ ಬಗ್ಗಿ ನೋಡಿ: ಎಲೆ ಬಟ್ಟಲಿನಂತೆ ಮುದುಡಿರುತ್ತದೆ, ಕಾಂಡ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿರುತ್ತದೆ.

ಹುಲ್ಲಿನ ಜಾತಿಯ ಗಿಡಗಳು ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ, ಭತ್ತವೂ ಹುಲ್ಲೇ. ಆದ್ದರಿಂದ ಭತ್ತದ ಪೈರನ್ನು ಕೊಲ್ಲಲು ಆರ್ಸೆನಿಕ್ ಇರುವ ಏಜೆಂಟ್ ಬ್ಲೂ ಎಂಬ ಬೇರೆಯೇ ವಿಷವನ್ನು ತಂದರು. ಬಂಡುಕೋರರ ಊಟ ಕಸಿಯುವ ಹೆಸರಿನಲ್ಲಿ ಒಣಗಿದ್ದು ರೈತರ ಗದ್ದೆ. ಕಾಂಡ್ಲಾ ಕಾಡುಗಳಂತೂ ಆರೆಂಜ್‌ನ ಒಂದೇ ಸಿಂಪಡಣೆಗೆ ನೆಲಕಚ್ಚಿದವು. ಸೈಗಾನ್ ಬಳಿಯ ಕಾನ್ ಜೋ ಕಾಡನ್ನು ಯುದ್ಧದ ನಂತರ ಸಸಿ ನೆಟ್ಟು ಮರಳಿ ಎಬ್ಬಿಸಬೇಕಾಯಿತು.

ಇಷ್ಟೇ ಆಗಿದ್ದರೆ ಮಳೆ, ಬಿಸಿಲು, ಮಣ್ಣಿನ ಸೂಕ್ಷ್ಮಜೀವಿಗಳು ಇವನ್ನು ಕರಗಿಸಿಬಿಡುತ್ತಿದ್ದವು. ಆದರೆ 2,4,5-ಟಿ ತಯಾರಿಸುವಾಗ ಕಾವು ಹದ ಮೀರಿದರೆ ಎರಡು ಅಣುಗಳು ಬೆಸೆದುಕೊಂಡು ಟಿಸಿಡಿಡಿ ಎಂಬ ಡಯಾಕ್ಸಿನ್, ಅಂದರೆ ಬೇಗ ಕರಗದ ಕಡುವಿಷ, ಹುಟ್ಟುತ್ತದೆ. ಬೇಡಿಕೆ ಏರಿದ ಯುದ್ಧಕಾಲದ ಸರಕಿನಲ್ಲಿ ಈ ಕಲಬೆರಕೆ ಸೇರಿಹೋಯಿತು. 2,4-ಡಿ ತಯಾರಿಕೆಯಲ್ಲಿ ಹೀಗೆ ಟಿಸಿಡಿಡಿ ಹುಟ್ಟುವ ಹಂತವೇ ಇಲ್ಲ. ಹಾಗೆಂದು ಅದನ್ನು ಬರಿಗೈಯಲ್ಲಿ ಮುಟ್ಟಬಹುದೆಂದಲ್ಲ. ಡಯಾಕ್ಸಿನ್ ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ನೆಲೆಸುತ್ತದೆ. ಕೆರೆಯ ಕೆಸರಿನಿಂದ ಮೀನಿಗೆ, ಮೀನಿನಿಂದ ತಾಯಿಗೆ, ಎದೆಹಾಲಿನ ಮೂಲಕ ಮಗುವಿಗೆ ಸಾಗುತ್ತದೆ. ಮೈಸೇರಿದ್ದರಲ್ಲಿ ಅರ್ಧ ಕಳೆಯಲು 7ರಿಂದ 11 ವರ್ಷ ಬೇಕು.

ಡ್ರಮ್ಮುಗಳನ್ನು ಇಳಿಸಿ, ವಿಮಾನಗಳಿಗೆ ತುಂಬಿಸಿ, ಅವನ್ನು ತೊಳೆಯುತ್ತಿದ್ದ ನೆಲಗಳಲ್ಲಿ ಡಯಾಕ್ಸಿನ್ ಅತಿ ದಟ್ಟವಾಗಿ ಉಳಿಯಿತು. ಅಂಥ ಜಾಗಗಳಲ್ಲಿ ಒಂದಾದ ವಿಯೆಟ್ನಾಮಿನ ಡಾ ನಾಂಗ್ ವಿಮಾನ ನಿಲ್ದಾಣದ ಮಣ್ಣನ್ನು ಅಗೆದು, ರಾಶಿ ಹಾಕಿ ಮುಚ್ಚಿ, 335 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಶುದ್ಧಮಾಡುವ ಕೆಲಸ 2012ರಲ್ಲಿ ಶುರುವಾಗಿ 2018ರಲ್ಲಿ ಮುಗಿಯಿತು. ಅಲ್ಲಿ ಕಾಯಿಸಿದ್ದು ಸುಮಾರು 90,000 ಘನ ಮೀಟರ್ ಮಣ್ಣು. ಇನ್ನೊಂದು ಅಂಥದೇ ಜಾಗವಾದ ಬಿಯೆನ್ ಹೋವಾ ವಾಯುನೆಲೆಯಲ್ಲಿ ಶುದ್ಧಿಗೆ ಕಾದಿದ್ದುದು ಸುಮಾರು 5 ಲಕ್ಷ ಘನ ಮೀಟರ್.