ಮೋಟರ್‌ಹೋಮ್‌ನಲ್ಲಿ ಮಿಕ್ಸಿ ಯಾಕೆ ನಿಂತಿತು? ಗಾಡಿಯೊಳಗಿನ ಉಪಕರಣಗಳ ಬಗ್ಗೆ ಟಿಪ್ಪಣಿ

ಮೈಸೂರಿನ ನಮ್ಮ ಮಾವ ಒಂದು ಹಳೆ ಟಿಟಿ (ಟೆಂಪೋ ಟ್ರಾವೆಲರ್) ಗಾಡಿಯನ್ನು ಮಲಗಲು, ಅಡುಗೆ ಮಾಡಲು ಆಗುವ ಹಾಗೆ ಕಟ್ಟಿಸಿದರು. ವೈರಿಂಗ್ ಮಾಡಿದ್ದು ನಾನೇ, ಹಾಗಾಗಿ ಬೈಸಿಕೊಂಡಿದ್ದೂ ನಾನೇ. ಮೊದಲ ಸಲ ಮೇಲುಕೋಟೆಗೆ ಹೋಗಿ ರಾತ್ರಿ ಉಳಿದೆವು. ಬೆಳಗ್ಗೆ ಅತ್ತೆ ದೋಸೆಗೆ ಚಟ್ನಿ ರುಬ್ಬಲು ಮಿಕ್ಸಿ ಹಾಕಿದರು. ನಾಲ್ಕು ಸುತ್ತು ತಿರುಗಿತೋ ಇಲ್ಲವೋ, ಇನ್ವರ್ಟರ್ ಕೀ ಕೀ ಎಂದು ನಿಂತೇ ಹೋಯಿತು.

“ಲೋ, ನಿನ್ನ ಇನ್ವರ್ಟ್ರು ಕೂಗ್ಕೊಂಡು ಆಫಾಯ್ತು ಕಣೋ. ಕಾಯಿ ಇನ್ನೂ ಹಂಗೇ ಐತೆ.”

ಇಂಥ ಹೊತ್ತಲ್ಲಿ ಎಲ್ಲರೂ ಹೇಳೋದು ಒಂದೇ: ಬ್ಯಾಟರಿ ಹೋಗಿದೆ. ನಾನೂ ಹಾಗೇ ಅಂದುಕೊಂಡೆ. ಆದರೂ ಮಲ್ಟಿಮೀಟರ್ ಹಿಡಿದೆ. ಸುಮ್ನೆ ಇದ್ದಾಗ ಬ್ಯಾಟರಿ 12.6 ವೋಲ್ಟ್ ತೋರಿಸಿತು, ಅಂದರೆ ಹೆಚ್ಚುಕಮ್ಮಿ ತುಂಬಿದೆ. ಮಿಕ್ಸಿ ಹಾಕಿಸಿ ಬ್ಯಾಟರಿ ಮೇಲೆ ಅಳೆದರೆ 12.2. ಅದೇ ಹೊತ್ತಿಗೆ ಇನ್ವರ್ಟರಿನ ತುದಿಯಲ್ಲಿ ಅಳೆದರೆ 10.4! ಹೆಚ್ಚಿನ ಇನ್ವರ್ಟರುಗಳು 10.5ರ ಆಸುಪಾಸಿನಲ್ಲಿ ತಾವೇ ಬಂದ್ ಆಗುತ್ತವೆ. ಬ್ಯಾಟರಿ ಚೆನ್ನಾಗಿದೆ, ಇನ್ವರ್ಟರೂ ಚೆನ್ನಾಗಿದೆ. ನಡುವೆ 1.8 ವೋಲ್ಟ್ ಎಲ್ಲೋ ಸೋರಿಹೋಗುತ್ತಿದೆ.

ಎಲ್ಲಾ ಆಫ್ ಮಾಡಿ ವೈರಿನ ಕೀಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಇನ್ವರ್ಟರಿನ ಪಾಸಿಟಿವ್ ಲಗ್ (ವೈರಿನ ತುದಿಗೆ ಹಾಕಿ ನಟ್ಟಿನಿಂದ ಬಿಗಿಯುವ ಲೋಹದ ಬಳೆ) ಮುಟ್ಟಲಾಗದಷ್ಟು ಬಿಸಿ. ಅಂಚು ಕಪ್ಪಾಗಿತ್ತು. ಆರಿದ ಮೇಲೆ ನೋಡಿದರೆ ನಟ್ಟು ಬರಿಗೈಯಲ್ಲೇ ತಿರುಗಿತು. ಮನೆಯ ಇನ್ವರ್ಟರ್ ಮೂಲೆಯಲ್ಲಿ ಅಲುಗದೆ ಕೂತಿರುತ್ತದೆ. ಗಾಡಿಯಲ್ಲಿ ಅದು ಹಂಪು, ಗುಂಡಿ ಎಲ್ಲವನ್ನೂ ನಮ್ಮ ಜೊತೆಗೇ ತಿನ್ನುತ್ತದೆ.

ಈಗ ಲೆಕ್ಕ. ಮಿಕ್ಸಿ 500 ವ್ಯಾಟ್. ಇನ್ವರ್ಟರ್ ಒಳಗೇ ನೂರಕ್ಕೆ ಸುಮಾರು 15 ಭಾಗ ನಷ್ಟ ಎಂದು ಹಿಡಿದರೆ ಬ್ಯಾಟರಿಯಿಂದ 588 ವ್ಯಾಟ್ ಎಳೆಯಬೇಕು. ಅದನ್ನು 12ರಿಂದ ಭಾಗಿಸಿ, 49 ಆಂಪಿಯರ್. 50 ಎನ್ನಿ. 50 ಆಂಪಿಯರ್ ಗುಣಿಸು 1.8 ವೋಲ್ಟ್, 90 ವ್ಯಾಟ್. ನಾವು ಬೆಸುಗೆಗೆ ಹಿಡಿಯುವ ಸಾಮಾನ್ಯ ಸೋಲ್ಡರಿಂಗ್ ಐರನ್ 25 ವ್ಯಾಟಿಂದು. ಅಂಥ ಮೂರೂವರೆ ಐರನ್ ಆ ಒಂದು ನಟ್ಟಿನ ಮೇಲೆ ಇಟ್ಟ ಹಾಗೆ. ಅದರ ಪಕ್ಕದಲ್ಲೇ ಪ್ಲೈವುಡ್.

ಮನೆಯಲ್ಲಿ ಇದೇ ಮಿಕ್ಸಿ 230 ವೋಲ್ಟಿನಲ್ಲಿ ಎಳೆಯೋದು ಬರೀ ಎರಡು ಆಂಪಿಯರ್ ಚಿಲ್ಲರೆ. ಅದೇ ವ್ಯಾಟಿಗೆ ವೋಲ್ಟ್ ಇಳಿದರೆ ಕರೆಂಟು ಏರುತ್ತದೆ, ಕರೆಂಟು ದುಪ್ಪಟ್ಟಾದರೆ ತಂತಿಯಲ್ಲಿ ಶಾಖ ನಾಲ್ಕು ಪಟ್ಟು. ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಸುಮಾರು 150 ಕಿ.ಮೀ. ದೂರ ಕರೆಂಟು ಹೋಗಿದ್ದು ಇದೇ ನಿಯಮವನ್ನು ತಿರುಗಿಸಿ. ವೋಲ್ಟನ್ನು ಹತ್ತಾರು ಸಾವಿರಕ್ಕೆ ಏರಿಸಿದರು, ತಂತಿಯಲ್ಲಿ ಕರೆಂಟು ಇಳಿಯಿತು. ನಮ್ಮ ಗಾಡಿ ಅದರ ಪೂರ್ತಿ ಉಲ್ಟಾ. ಅದಕ್ಕೇ ಇಲ್ಲಿ ವೈರು ದಪ್ಪ ಇರಬೇಕು, ಉದ್ದ ಕಮ್ಮಿ ಇರಬೇಕು, ಇನ್ವರ್ಟರ್ ಬ್ಯಾಟರಿಯ ಪಕ್ಕದಲ್ಲೇ ಕೂರಬೇಕು. ಫ್ಯೂಸು ಬ್ಯಾಟರಿ ಹತ್ತಿರ ಇರಲಿ, ಇನ್ವರ್ಟರ್ ಹತ್ತಿರ ಅಲ್ಲ. ವೈರು ನಡುವೆ ಎಲ್ಲೋ ಉಜ್ಜಿ ಗಾಡಿಯ ಲೋಹದ ಮೈಗೆ ತಗುಲಿದರೆ ಕಾಪಾಡಬೇಕಾದ್ದು ಆ ವೈರನ್ನೇ ಅಲ್ವಾ?

ರಿಪೇರಿ ದೊಡ್ಡದೇನಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪಾನರ್ ಗಾಡಿಯ ಲೋಹದ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಸುಟ್ಟ ಲಗ್ ಕತ್ತರಿಸಿ ಹೊಸದನ್ನು ಕ್ರಿಂಪ್ ಮಾಡಿದೆ, ಅಂದರೆ ವೈರಿಗೆ ಒತ್ತಿ ಕೂರಿಸಿದೆ. ಮರಳು ಕಾಗದದಲ್ಲಿ ಕೀಲಿನ ಮೈ ಉಜ್ಜಿ, ಸ್ಪ್ರಿಂಗ್ ವಾಷರ್ ಹಾಕಿ ಬಿಗಿದೆ. ಮತ್ತೆ ಮಿಕ್ಸಿ ಹಾಕಿ ಅಳೆದರೆ ನಡುವಿನ ನಷ್ಟ 0.2 ವೋಲ್ಟ್. ಚಟ್ನಿ ಆಯಿತು, ಅಷ್ಟರಲ್ಲಿ ದೋಸೆ ಆರಿಹೋಗಿತ್ತು.

ಇನ್ನು ದಿನದ ಖರ್ಚು. ನಮ್ಮದು 150 ಆಂಪಿಯರ್-ಅವರ್ ಟ್ಯೂಬ್ಯುಲರ್ ಬ್ಯಾಟರಿ. 12ರಿಂದ ಗುಣಿಸಿದರೆ 1,800 ವ್ಯಾಟ್-ಅವರ್. ಆದರೆ ಇಂಥ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಸಾಯುತ್ತದೆ, ಹಾಗಾಗಿ ಕೈಗೆ ಸಿಗೋದು 900. ಫ್ರಿಜ್ 45 ವ್ಯಾಟಿನಂತೆ ದಿನಕ್ಕೆ ಒಟ್ಟು 12 ಗಂಟೆ ಓಡಿದರೆ 540. ಫ್ಯಾನು 160, ದೀಪ 50, ಮಿಕ್ಸಿ ಆರು ನಿಮಿಷಕ್ಕೆ ಇನ್ವರ್ಟರ್ ನಷ್ಟ ಸೇರಿ 60, ನೀರಿನ ಪಂಪು 15. ಒಟ್ಟು 825. ಆಯಿತು, ದಿನ ಕಳೆಯಿತು. ಮಾವ ಆಸೆಯಿಂದ ತಂದ 1,500 ವ್ಯಾಟಿನ ಇಂಡಕ್ಷನ್ ಒಲೆಯನ್ನು ಅರ್ಧ ಗಂಟೆ ಉರಿಸಿದರೆ ಇನ್ವರ್ಟರ್ ನಷ್ಟ ಸೇರಿ ಅದೊಂದಕ್ಕೇ 880 ಬೇಕು. ಮುದ್ದೆಗೆ ಎಸರು ಗ್ಯಾಸಿನ ಮೇಲೇ ಇಡಿ. ಚಾವಣಿಯ 200 ವ್ಯಾಟಿನ ಸೋಲಾರ್ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ 700-800 ಕೊಡುತ್ತದೆ. ಆಷಾಢದ ಸೋನೆಯಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ.

ಫ್ರಿಜ್‌ನಲ್ಲಿ ಎರಡು ಜಾತಿ. ನಮ್ಮದು ಕಂಪ್ರೆಸರ್ ಇರೋದು. ಇನ್ನೊಂದು ಗ್ಯಾಸಿನ ಉರಿಯಲ್ಲೂ ನಡೆಯುವಂಥದ್ದು. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು ರೂಪಿಸಿದ ವಿಧಾನ. ಅಮೋನಿಯಾ ಬೆರೆತ ನೀರನ್ನು ಕಾಯಿಸಿದರೆ ಅಮೋನಿಯಾ ಆವಿಯಾಗಿ ಮೇಲೇರುತ್ತದೆ, ತಣಿದು ದ್ರವವಾಗಿ ಕೆಳಗಿಳಿಯುತ್ತದೆ, ಮತ್ತೆ ಆವಿಯಾಗುವಾಗ ಫ್ರಿಜ್ಜಿನ ಶಾಖ ಹೀರುತ್ತದೆ. ತಳ್ಳಲು ಪಂಪಿಲ್ಲ, ದ್ರವ ತನ್ನ ಭಾರಕ್ಕೇ ಹರಿಯಬೇಕು. ಹಾಗಾಗಿ ಗಾಡಿ ಇಳಿಜಾರಲ್ಲಿ ನಿಂತರೆ ಹರಿವು ಕಟ್ಟಿಕೊಳ್ಳುತ್ತದೆ. ಮೇಲುಕೋಟೆಯಂಥ ಬೆಟ್ಟದೂರಲ್ಲಿ ಅದನ್ನು ಹಚ್ಚುವ ಮೊದಲು ಮಟ್ಟಗೋಲು ಇಟ್ಟು ನೋಡಲೇಬೇಕು.

ಗ್ಯಾಸಿನ ವಿಷಯದಲ್ಲಿ ಮಾತ್ರ ಉಡಾಫೆ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನೀರಿನ ಹಾಗೆ ಕೂರುತ್ತದೆ. ಸೋರಿಕೆ ತಿಳಿಸುವ ಡಿಟೆಕ್ಟರನ್ನು ಚಾವಣಿಗೆ ಹಾಕಿಸಿಕೊಂಡವರನ್ನು ನೋಡಿದ್ದೇನೆ, ಅದು ಕೂಗುವ ಹೊತ್ತಿಗೆ ತಡವಾಗಿರುತ್ತದೆ. ನೆಲದ ಹತ್ತಿರ ಹಾಕಿ. ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಗಾಳಿ ಹೊರಹೋಗಲು ತೂತು ಇರಲಿ. ಗಾಡಿ ಓಡುವಾಗ ವಾಲ್ವ್ ಬಂದ್. ಕೀಲು ಸೋರುತ್ತಿದೆಯೋ ನೋಡಲು ಸೋಪಿನ ನೊರೆ ಸಾಕು, ಬೆಂಕಿಕಡ್ಡಿ ಬೇಡವೇ ಬೇಡ.

ನಮ್ಮ ಕಡೆಯ ಬೋರ್ ನೀರು ಗಡಸು. ಗೀಸರಿಗೆ ಅದೇ ಹಾಕುತ್ತಿದ್ದರೆ ಕಾಯಿಲ್ ಮೇಲೆ ಬಿಳಿ ಕಟ್ಟು ಕೂರುತ್ತದೆ. ನಿಂಬೆ ಉಪ್ಪು ಕರಗಿಸಿದ ನೀರಲ್ಲಿ ಆಗಾಗ ತೊಳೆದರೆ ಬಿಡುತ್ತದೆ.

ಅಭ್ಯಾಸಕ್ಕೆ ಒಂದು ಲೆಕ್ಕ. ಕಾಫಿಗೆ 1,000 ವ್ಯಾಟಿನ ಕೆಟಲ್‌ನಲ್ಲಿ 6 ನಿಮಿಷ ನೀರು ಕಾಯಿಸಿದರೆ ಬ್ಯಾಟರಿಯಿಂದ ಎಷ್ಟು ಆಂಪಿಯರ್ ಹರಿಯುತ್ತದೆ? ಆ ಸಡಿಲ ನಟ್ಟು ಹಾಗೇ ಇದ್ದಿದ್ದರೆ ಅಲ್ಲಿ ಎಷ್ಟು ವೋಲ್ಟ್ ಬೀಳುತ್ತಿತ್ತು? ನನಗೆ ಬಂದ ಉತ್ತರ: 98 ಆಂಪಿಯರ್, ಸುಮಾರು ಮೂರೂವರೆ ವೋಲ್ಟ್. ಇನ್ವರ್ಟರ್ ಕೆಟಲ್ ಬಿಸಿಯಾಗುವ ಮೊದಲೇ ಕೂಗುತ್ತಿತ್ತು. ಅತ್ತೆ ಕಾಫಿಗೆ ಈಗಲೂ ಗ್ಯಾಸೇ ಹಚ್ಚುತ್ತಾರೆ.