ನಿಮ್ಮ ಪ್ಯಾನ್ ನಂಬರ್ ಗೊತ್ತಿರುವವರೆಲ್ಲ ಇಲಾಖೆಯವರಲ್ಲ

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕಾಲ ಬಂತೆಂದರೆ ದಿನಕ್ಕೆ ಒಬ್ಬರಾದರೂ ನಮ್ಮ ಆಡಿಟರ್ ಆಫೀಸಿಗೆ ಬಂದು ಫೋನ್ ಮುಂದೆ ಹಿಡಿಯುತ್ತಾರೆ. "ಸರ್, ರಿಫಂಡ್ ಮಂಜೂರಾಗಿದೆಯಂತೆ, ಲಿಂಕ್ ಒತ್ತಲಾ?" ಇದು ಮೋಸ ಅಂದರೆ ಒಪ್ಪುವುದಿಲ್ಲ. "ಹೆಸರು, ಪ್ಯಾನ್ ನಂಬರ್ ಎಲ್ಲಾ ಸರಿ ಇದೆಯಲ್ಲ ಸರ್, ಬೇರೆಯವರಿಗೆ ಹೇಗೆ ಗೊತ್ತಾಗುತ್ತೆ?"

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಪ್ಯಾನ್ ಗುಟ್ಟಿನ ನಂಬರ್ ಅಲ್ಲ. ಸಾಲದ ಏಜೆಂಟ್‌ಗೆ ಕೊಟ್ಟಿದ್ದೀರಿ, ಚಿನ್ನದಂಗಡಿಯಲ್ಲಿ ಕೊಟ್ಟಿದ್ದೀರಿ. ಜೆರಾಕ್ಸ್ ಅಂಗಡಿಯವರ ವಾಟ್ಸಾಪ್‌ಗೆ ನೀವೇ ಕಳಿಸಿ ಪ್ರಿಂಟ್ ತೆಗೆಸಿದ್ದೀರಿ. ಆ ಫೋಟೊ ಇನ್ನೂ ಅಲ್ಲೇ ಇರಬಹುದು, ಅಲ್ವಾ? ಹುಟ್ಟಿದ ದಿನಾಂಕವೂ ಅದೇ ಕಾರ್ಡಿನ ಮೇಲಿದೆ. ಹಾಗಾಗಿ ಮೆಸೇಜ್‌ನಲ್ಲಿ ನಿಮ್ಮ ವಿವರ ಸರಿ ಇದ್ದರೆ ಯಾರದೋ ಕೈಗೆ ನಿಮ್ಮ ಕಾರ್ಡ್ ಸಿಕ್ಕಿದೆ ಎಂದಷ್ಟೇ ಅರ್ಥ.

ರಿಫಂಡ್ ಬರುವ ದಾರಿ ಒಂದೇ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ, ಅಂದರೆ ಅದರ ವೆಬ್‌ಸೈಟಿನಲ್ಲಿ, ಮೊದಲೇ ದೃಢೀಕರಿಸಿ, ರಿಟರ್ನ್‌ನಲ್ಲಿ ಕೊಟ್ಟ ಬ್ಯಾಂಕ್ ಖಾತೆಗೆ ಅದು ತಾನಾಗಿ ಬಂದು ಬೀಳುತ್ತದೆ. ಖಾತೆಯದೇನಾದರೂ ತೊಂದರೆಯಿದ್ದರೆ ನೀವೇ ಪೋರ್ಟಲ್‌ಗೆ ಹೋಗಿ ಮತ್ತೆ ಕೋರಬೇಕು. ಕಾರ್ಡ್ ನಂಬರ್, ಎಟಿಎಂ ಪಿನ್, ಬ್ಯಾಂಕ್ ಪಾಸ್‌ವರ್ಡ್ ಇವನ್ನು ಇಲಾಖೆ ಕೇಳುವುದೇ ಇಲ್ಲ.

ಹಾಗಂತ ಇಲಾಖೆ ಹೆಸರಿನಲ್ಲಿ ಬಂದದ್ದನ್ನೆಲ್ಲ ಡಿಲೀಟ್ ಮಾಡಬೇಡಿ. ನಿಜವಾದ ನೋಟಿಸ್ ಕೂಡ ಇಮೇಲ್‌ನಲ್ಲೇ ಬರುತ್ತದೆ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳ ಮೇಲೆ ಸಾಮಾನ್ಯವಾಗಿ ಡಿಐಎನ್ ಎಂಬ, ಆ ಪತ್ರದ ಗುರುತಿನ ನಂಬರ್ ಇರುತ್ತದೆ. ಪೋರ್ಟಲ್ ತೆರೆದು, ಲಾಗಿನ್ ಆಗದೆಯೂ ಅದನ್ನು ಪರೀಕ್ಷಿಸಬಹುದು. ಆದರೆ ಮೆಸೇಜ್‌ನಲ್ಲಿರುವ ಲಿಂಕ್‌ನಿಂದ ಬೇಡ, ವಿಳಾಸ ನೀವೇ ಟೈಪ್ ಮಾಡಿ.

ಒಟಿಪಿ ವಿಷಯದಲ್ಲಿ ನಮ್ಮಂಥವರ ಪಾಲೂ ಇದೆ. ಸಲ್ಲಿಸಿದ ರಿಟರ್ನ್ ನಿಮ್ಮದೇ ಎಂದು ಆನ್‌ಲೈನ್‌ನಲ್ಲಿ ದೃಢೀಕರಿಸಲು, ಅಂದರೆ ಇ-ವೆರಿಫೈ ಮಾಡಲು, ಎಷ್ಟೋ ಆಡಿಟರ್ ಆಫೀಸುಗಳು ಫೋನ್ ಮಾಡಿ ಒಟಿಪಿ ಕೇಳುತ್ತವೆ. ನಾವೂ ಕೇಳುತ್ತಿದ್ದೆವು. ಜನಕ್ಕೆ ಅದೇ ರೂಢಿಯಾಯಿತು. ನಮ್ಮಲ್ಲಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರಿಗೆ ಹೀಗೇ ಒಂದು ಫೋನ್ ಬಂತು. "ಆಡಿಟರ್ ಆಫೀಸಿಂದ ಮಾತಾಡ್ತಿದ್ದೀವಿ, ವೆರಿಫೈ ಬಾಕಿ ಇದೆ." ಪಾಪ, ಮೇಷ್ಟ್ರು ಕನ್ನಡಕ ಹುಡುಕಿ ಹಾಕಿಕೊಂಡು ಆರು ಅಂಕಿ ಮಾತ್ರ ಓದಿ ಹೇಳಿದರು. ಅದರ ಪಕ್ಕದಲ್ಲೇ, ಇದು ಹಣ ವರ್ಗಾವಣೆಗೆ ಅಂತ ಬ್ಯಾಂಕ್ ಬರೆದಿತ್ತು. ಮಗ ಅರ್ಧ ಗಂಟೆಯೊಳಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರಿಂದ ಸ್ವಲ್ಪ ಹಣ ತಡೆಯಲಾಯಿತು. ಎಲ್ಲರಿಗೂ ಅಷ್ಟಾದರೂ ಉಳಿಯುತ್ತದೆ ಅಂತ ನಾನು ಹೇಳಲಾರೆ.

ಅವತ್ತಿನಿಂದ ನಮ್ಮ ಆಫೀಸಿನಲ್ಲಿ ಫೋನಿನಲ್ಲಿ ಒಟಿಪಿ ಕೇಳುವುದು ಬಂದ್. ಬಂದು ಎದುರಿಗೆ ಕೂತು ನೀವೇ ಟೈಪ್ ಮಾಡಿ, ಇಲ್ಲವೇ ಮನೆಯಲ್ಲೇ ವೆರಿಫೈ ಮಾಡಿಕೊಳ್ಳಿ. ನಮ್ಮ ಹೆಸರು ಹೇಳಿಕೊಂಡು ಯಾರಾದರೂ ಕೇಳಿದರೆ ಫೋನ್ ಇಟ್ಟುಬಿಡಿ. ಮೇಷ್ಟ್ರು ಈ ಸಲ ತಾವೇ ಬಂದಿದ್ದರು. ಒಟಿಪಿ ಬಂದಾಗ ಮೆಸೇಜನ್ನು ಮೊದಲ ಅಕ್ಷರದಿಂದ ಕೊನೆಯವರೆಗೆ ಜೋರಾಗಿ ಓದಿ, ಆಮೇಲೆ ಕೀಬೋರ್ಡ್ ಹತ್ತಿರಕ್ಕೆ ಎಳೆದುಕೊಂಡರು.